ವಿಟಮಿನ್ ಸಿ ಮಾತ್ರೆಯಿಂದ ಬೋನ್ ಮ್ಯಾರೋಗೆ ಪೆಟ್ಟಾಗುತ್ತಾ?

ಹಾಸನದ ಸೊಸೆ
ಎಲ್ಲರಿಗೂ ನಮಸ್ಕಾರ. ನಮ್ಮ ಮಾವನಿಗೆ 64 ವರ್ಷ. ಕೊರೊನಾ ಬಂದು ಹೋದ ಮೇಲೆ ಅವರು ವಿಟಮಿನ್ ಸಿ ಬಿಟ್ಟೇ ಇಲ್ಲ. 500 ಮಿಲಿಗ್ರಾಂನ ಚೀಪುವ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. "ಇದು ತಗೊಳ್ಳೋದಕ್ಕೇ ನಂಗೆ ನೆಗಡಿ ಬರಲ್ಲ" ಅನ್ನುತ್ತಾರೆ. ಈಗ ಕೆಲವು ತಿಂಗಳಿಂದ ವಿಪರೀತ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 9.2, ಬಿಳಿ ರಕ್ತಕಣ 2,600, ಪ್ಲೇಟ್‌ಲೆಟ್ 1.8 ಲಕ್ಷ. ಊರಿನ ಡಾಕ್ಟರು "ಬೋನ್ ಮ್ಯಾರೋ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ಸುತ್ತೆ, ರಕ್ತದ ಸ್ಪೆಷಲಿಸ್ಟ್‌ಗೆ ತೋರಿಸಿ" ಅಂದರು.

ಅಷ್ಟರಲ್ಲಿ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಮಾವ ಒಂದು ಮೆಸೇಜ್ ಹಾಕಿದ್ದಾರೆ. ವಿಟಮಿನ್ ಸಿ ಅಂದರೆ ಆಸಿಡ್, ಅದು ಮೂಳೆಯೊಳಗೆ ಇಳಿದು ಮಜ್ಜೆಯನ್ನು ಸುಡುತ್ತದೆ ಅಂತ. ಅತ್ತೆ ಅವತ್ತಿನಿಂದ ಅಳುತ್ತಿದ್ದಾರೆ. ಇದರಲ್ಲಿ ನಿಜ ಎಷ್ಟು? ತಿಳಿದವರು ಹೇಳಿ.

ಕಡಲತಡಿ
ಆಸಿಡ್ ಸುಡುತ್ತೆ ಅನ್ನೋದಾದರೆ ನಿಂಬೆಹಣ್ಣಿನ ಚಿತ್ರಾನ್ನ ತಿಂದವರೆಲ್ಲ ಇಷ್ಟೊತ್ತಿಗೆ ಬೂದಿ ಆಗಿರಬೇಕಿತ್ತು. ನಮ್ಮ ಹೊಟ್ಟೆಯಲ್ಲಿ ಇರುವ ಆಸಿಡ್ ಈ ಮಾತ್ರೆಗಿಂತ ಎಷ್ಟೋ ಪಾಲು ಖಾರ. ವಾಟ್ಸಾಪ್ ಮೆಸೇಜ್ ಡಿಲೀಟ್ ಮಾಡಿ. ಆದರೆ 2,600 ಅನ್ನೋದು ಮಾತ್ರ ತಮಾಷೆ ಅಲ್ಲ, ಬೇಗ ತೋರಿಸಿ.

ಲ್ಯಾಬಲ್ಲಿ ಸವೆದವನು
ಮೂವತ್ತು ವರ್ಷಕ್ಕೂ ಮೇಲೆ ರಕ್ತದ ಸ್ಲೈಡ್ ನೋಡಿ ನಿವೃತ್ತನಾದವನು ನಾನು. ಡಾಕ್ಟರ್ ಅಲ್ಲ. ರಿಪೋರ್ಟ್ ಹೇಗೆ ಓದಬೇಕು ಅಂತ ಸ್ವಲ್ಪ ಹೇಳ್ತೀನಿ.

ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಹುಟ್ಟೋದು ಮಜ್ಜೆಯಲ್ಲೇ. ಆದರೆ ಮೂರರ ಆಯಸ್ಸು ಬೇರೆ ಬೇರೆ. ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಪ್ಲೇಟ್‌ಲೆಟ್ ಏಳರಿಂದ ಹತ್ತು ದಿನ. ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್ ಅಂತ ಒಂದು ಜಾತಿ, ಅದು ರಕ್ತದಲ್ಲಿ ಒಂದು ದಿನ ನಿಂತರೆ ಹೆಚ್ಚು. ಹಾಗಾಗಿ ಯಾವುದಾದರೂ ಔಷಧಿ ಇಡೀ ಮಜ್ಜೆಯನ್ನೇ ಹೊಡೆದರೆ ಮೊದಲು ಬೀಳೋದು ನ್ಯೂಟ್ರೋಫಿಲ್, ಅದರ ಹಿಂದೆಯೇ ಪ್ಲೇಟ್‌ಲೆಟ್. ಹಿಮೋಗ್ಲೋಬಿನ್ ನಿಧಾನಕ್ಕೆ ಇಳಿಯುತ್ತದೆ.

ನಿಮ್ಮ ಮಾವನದು ಹಾಗಿಲ್ಲ ನೋಡಿ. ಕೆಂಪೂ ಕಡಿಮೆ, ಬಿಳಿಯೂ ಕಡಿಮೆ, ಪ್ಲೇಟ್‌ಲೆಟ್ ಮಾತ್ರ ಗಟ್ಟಿಯಾಗಿ ನಿಂತಿದೆ. ಒಂದೂವರೆ ಲಕ್ಷದ ಮೇಲಿದ್ದರೆ ಸರಿ ಅಂತಲೇ ಲೆಕ್ಕ. ನ್ಯೂಟ್ರೋಫಿಲ್ ಎಷ್ಟು ಬರೆದಿದ್ದಾರೆ? ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, ಎಷ್ಟು? ಅದೆಲ್ಲಕ್ಕಿಂತ ಮುಖ್ಯ, ವಿಟಮಿನ್ ಸಿ ಜೊತೆ ಇನ್ನೇನು ನುಂಗ್ತಾ ಇದ್ದಾರೆ?

ಹಾಸನದ ಸೊಸೆ
ನ್ಯೂಟ್ರೋಫಿಲ್ 34% ಅಂತಿದೆ. ಎಂಸಿವಿ 98. ಬಿಪಿ ಮಾತ್ರೆ ಒಂದು ಇದೆ. ಶುಗರ್ ಇಲ್ಲ. ಬೇರೇನೂ ಇಲ್ಲ ಅಂತಾರೆ. ಸಂಜೆ ಮಾತ್ರೆ ಡಬ್ಬಿ ತೆಗೆದು ನೋಡಿ ಹೇಳ್ತೀನಿ.

ನೆಲ್ಲಿಕಾಯಿ ಪ್ರಿಯ
ಮಾತ್ರೆ ಯಾಕೆ ಬೇಕು ಹೇಳಿ? ದಿನಕ್ಕೊಂದು ಬೆಟ್ಟದ ನೆಲ್ಲಿಕಾಯಿ ಸಾಕು. ಒಂದು ನೆಲ್ಲಿಕಾಯಿ ಇಪ್ಪತ್ತು ಕಿತ್ತಳೆಗೆ ಸಮ.

ಪಿಜಿ ಹುಬ್ಬಳ್ಳಿ
ನಾನು ಮೆಡಿಸಿನ್ ಪಿಜಿ ಓದ್ತಿದ್ದೀನಿ. ಮಾವನವರ ವಿಷಯಕ್ಕೆ ಡಬ್ಬಿ ನೋಡಿದ ಮೇಲೆ ಬರ್ತೀನಿ. ಅಷ್ಟರೊಳಗೆ ಕೇಳಿದ ಪ್ರಶ್ನೆಗೆ ಉತ್ತರ.

ವಿಟಮಿನ್ ಸಿ ಜಾಸ್ತಿಯಾದರೆ ಮಜ್ಜೆ ಹಾಳಾಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕದಲ್ಲಿ ದೊಡ್ಡ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕು, ಹೆಂಗಸಿಗೆ 65. ಮೇಲಿನ ಮಿತಿ 2,000. ಒಂದೇ ಸಲಕ್ಕೆ 200 ಮಿಲಿಗ್ರಾಂ ತಗೊಂಡರೆ ಹೆಚ್ಚುಕಡಿಮೆ ಎಲ್ಲವನ್ನೂ ಕರುಳು ಹೀರಿಕೊಳ್ಳುತ್ತದೆ. ಒಂದು ಗ್ರಾಂ ದಾಟಿದರೆ ಅರ್ಧವೂ ಒಳಗೆ ಹೋಗುವುದಿಲ್ಲ. ಒಳಗೆ ಹೋಗದೆ ಉಳಿದಿದ್ದು ಭೇದಿ ಮಾಡಿಸುತ್ತದೆ, ಒಳಗೆ ಹೋಗಿ ಮಿಕ್ಕಿದ್ದು ಮೂತ್ರದಲ್ಲಿ ಹೊರಟುಹೋಗುತ್ತದೆ. ಹೋಗುವಾಗ ಒಂದಿಷ್ಟು ಆಕ್ಸಲೇಟ್ ಆಗುವುದರಿಂದ ಕಿಡ್ನಿ ಕಲ್ಲಿನ ಭಯ ಇದೆ. ಅದು ನಿಜವಾದ ಭಯ. 2013ರಲ್ಲಿ ಸ್ವೀಡನ್ನಿನ ಗಂಡಸರ ಮೇಲೆ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಈ ಮಾತ್ರೆ ನುಂಗುವವರಲ್ಲಿ ಕಲ್ಲು ಸುಮಾರು ಎರಡು ಪಟ್ಟು ಕಂಡುಬಂದಿತ್ತು.

ಮಜ್ಜೆಯ ವಿಷಯಕ್ಕೆ ಬಂದರೆ ಕತೆ ಉಲ್ಟಾ. ವಿಟಮಿನ್ ಸಿ ಕಮ್ಮಿ ಆದಾಗಲೇ ಅಲ್ಲಿ ತೊಂದರೆ. 2017ರಲ್ಲಿ ಅಮೆರಿಕದ ಎರಡು ತಂಡಗಳು ಇಲಿಗಳ ಮೇಲೆ ಮಾಡಿದ ಕೆಲಸ ಬಂತು, ಒಂದು ಟೆಕ್ಸಸ್‌ನದು, ಇನ್ನೊಂದು ನ್ಯೂಯಾರ್ಕಿನದು. ಇಲಿಗೆ ವಿಟಮಿನ್ ಸಿಯನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಇದೆ, ನಮಗಿಲ್ಲ. ಹಾಗಾಗಿ ಟೆಕ್ಸಸ್‌ನವರು ಆ ಜೀನ್ ತೆಗೆದುಹಾಕಿದ ಇಲಿಗಳನ್ನು ಬಳಸಿದರು. ಮಜ್ಜೆಯ ಮೂಲಕೋಶಗಳು ವಿಟಮಿನ್ ಸಿಯನ್ನು ಬೇರೆ ಕೋಶಗಳಿಗಿಂತ ಜಾಸ್ತಿ ಎಳೆದುಕೊಂಡು ಇಟ್ಟುಕೊಳ್ಳುತ್ತವೆ ಅಂತ ಕಂಡಿತು. ಅದು ಸಿಗದಿದ್ದರೆ ಟೆಟ್2 ಅನ್ನುವ ಕಾವಲು ಕಿಣ್ವ ಸರಿಯಾಗಿ ನಡೆಯುವುದಿಲ್ಲ, ರಕ್ತದ ಕ್ಯಾನ್ಸರಿಗೆ ದಾರಿ ಸಲೀಸಾಗುತ್ತದೆ. ಹಾಗಂತ ಮಾತ್ರೆ ನುಂಗಿದರೆ ರಕ್ತದ ಕ್ಯಾನ್ಸರ್ ತಡೆಯಬಹುದು ಅಂತ ಅರ್ಥ ಅಲ್ಲ. ಇಲಿ ಇಲಿಯೇ.

@ನೆಲ್ಲಿಕಾಯಿ ಪ್ರಿಯ, ಇಪ್ಪತ್ತು ಕಿತ್ತಳೆ ಸ್ವಲ್ಪ ಜಾಸ್ತಿ ಆಯ್ತು. ಆಹಾರದ ಪೋಷಕಾಂಶಗಳ ಹಳೆಯ ಕೋಷ್ಟಕದಲ್ಲಿ 100 ಗ್ರಾಂ ನೆಲ್ಲಿಕಾಯಿಗೆ 600 ಮಿಲಿಗ್ರಾಂ ಅಂತಿತ್ತು, 2017ರ ಹೊಸ ಕೋಷ್ಟಕದಲ್ಲಿ 250ರ ಆಸುಪಾಸು. ಸೀಬೆಹಣ್ಣು ಅದರ ಹತ್ತಿರಕ್ಕೇ ಬರುತ್ತದೆ, ತಿನ್ನೋಕೂ ಸುಲಭ.

ಕಡಲತಡಿ
ಕಮ್ಮಿಯಾದರೆ ಮಜ್ಜೆಗೆ ತೊಂದರೆ ಅಂದ್ರಲ್ಲ, ಈ ಕಾಲದಲ್ಲಿ ವಿಟಮಿನ್ ಸಿ ಕೊರತೆಯ ಸ್ಕರ್ವಿ ಯಾರಿಗೆ ಬರುತ್ತೆ? ಅದು ಹಡಗಿನವರ ಕಾಯಿಲೆ ಅಲ್ವಾ?

ಪಿಜಿ ಹುಬ್ಬಳ್ಳಿ
ಬರುತ್ತದೆ, ಮಕ್ಕಳಿಗೆ. ಬಿಸ್ಕತ್ತು, ನೂಡಲ್ಸ್, ಹಾಲು ಇಷ್ಟರಲ್ಲೇ ಬದುಕುವ ಮಕ್ಕಳಿರುತ್ತಾರೆ, ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಮಗು ಇದ್ದಕ್ಕಿದ್ದಂತೆ ಕಾಲೂರಲು ಒಲ್ಲೆ ಅನ್ನುತ್ತದೆ. ಒಸಡು ಊದಿ ನೇರಳೆ ಬಣ್ಣಕ್ಕೆ ತಿರುಗಿರುತ್ತದೆ. ರಕ್ತ ಕಡಿಮೆ. ಎಂಆರ್‌ಐ ಮಾಡಿದರೆ ಮಂಡಿಯ ಹತ್ತಿರ ಮೂಳೆಯೊಳಗಿನ ಮಜ್ಜೆಯ ಬಣ್ಣವೇ ಬೇರೆ ಕಾಣುತ್ತದೆ. ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್ ಅಂತ ಹೆದರಿ ಮಜ್ಜೆ ಪರೀಕ್ಷೆಯವರೆಗೂ ಹೋದ ಕೇಸುಗಳು ಪುಸ್ತಕಗಳಲ್ಲಿವೆ. ಕೊನೆಗೆ "ಮಗು ಏನು ತಿನ್ನುತ್ತೆ?" ಅಂತ ಯಾರೋ ಕೇಳಿದಾಗ ಗುಟ್ಟು ಹೊರಗೆ ಬರುತ್ತದೆ. ವಿಟಮಿನ್ ಸಿ ಕೊಟ್ಟರೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ.

ಬಾದಾಮಿ ಹಾಲು
ವಿಟಮಿನ್ ಸಿ ತಿಂದರೆ ಬಿ12 ನಾಶ ಆಗುತ್ತೆ, ಬಿ12 ಇಲ್ಲದಿದ್ದರೆ ಮಜ್ಜೆ ಕೆಲಸ ಮಾಡಲ್ಲ ಅಂತ ಓದಿದ್ದೆ. ಅದು ಸುಳ್ಳಾ?

ಪಿಜಿ ಹುಬ್ಬಳ್ಳಿ
ಅರ್ಧ ನಿಜ, ಅರ್ಧ ಹಳೇ ಗಾಳಿಸುದ್ದಿ. ಬಿ12 ಇಲ್ಲದಿದ್ದರೆ ಮಜ್ಜೆ ಸೋಲುತ್ತದೆ ಅನ್ನೋದು ನಿಜ. ನಮ್ಮ ದೇಶದಲ್ಲಿ ಮೂರೂ ಕಣಗಳು ಒಟ್ಟಿಗೆ ಇಳಿಯಲು ದೊಡ್ಡ ಕಾರಣಗಳಲ್ಲಿ ಅದೊಂದು, ಅದರಲ್ಲೂ ಸಸ್ಯಾಹಾರಿಗಳಲ್ಲಿ. ಶುಗರ್‌ಗೆ ಮೆಟ್‌ಫಾರ್ಮಿನ್ ತುಂಬ ವರ್ಷ ತಗೊಂಡವರಲ್ಲೂ ಬಿ12 ಇಳಿಯುತ್ತದೆ. ಆದರೆ ವಿಟಮಿನ್ ಸಿ ಅದನ್ನು ನಾಶ ಮಾಡುತ್ತದೆ ಅನ್ನೋ ಮಾತು 1974ರಲ್ಲಿ ಅಮೆರಿಕದಲ್ಲಿ ಬಂದ ಒಂದು ಲೇಖನದ್ದು. ಎರಡೇ ವರ್ಷಕ್ಕೆ ಬೇರೆಯವರು ಊಟದಿಂದ ಬಿ12 ಅನ್ನು ಸರಿಯಾದ ಕ್ರಮದಲ್ಲಿ ಹೊರತೆಗೆದು ಅಳೆದರು. ನಾಶ ಏನೂ ಆಗಿರಲಿಲ್ಲ, ಮೊದಲಿನ ಅಳತೆಯಲ್ಲೇ ತೊಡಕಿತ್ತು. ಲೇಖನ ಸತ್ತು ಐವತ್ತು ವರ್ಷ ಆಗ್ತಾ ಬಂತು, ಸುದ್ದಿ ಮಾತ್ರ ಇನ್ನೂ ಓಡಾಡ್ತಿದೆ.

ಹಾಸನದ ಸೊಸೆ
ಡಬ್ಬಿ ನೋಡಿದೆ. ವಿಟಮಿನ್ ಸಿ ಸ್ಟ್ರಿಪ್ಪಿನ ಜೊತೆ ಜಿಂಕ್ ಮಾತ್ರೆಯ ಸ್ಟ್ರಿಪ್ಪೂ ಇದೆ. 50 ಮಿಲಿಗ್ರಾಂ. ಕೇಳಿದರೆ "ಅದೂ ಅದರ ಜೊತೆಯದೇ ಅಲ್ವಾ, ಅವತ್ತು ಎರಡೂ ಒಟ್ಟಿಗೇ ಬರೆದುಕೊಟ್ಟಿದ್ರು" ಅಂದರು. ಅದನ್ನೂ ಕೊರೊನಾ ಕಾಲದಿಂದ ದಿನಾ ತಗೊಳ್ತಿದ್ದಾರೆ. ಇನ್ನೊಂದು ಮಲ್ಟಿವಿಟಮಿನ್ ಕೂಡ ಇದೆ, ಅದರಲ್ಲೂ ಜಿಂಕ್ ಅಂತ ಬರೆದಿದೆ.

ಲ್ಯಾಬಲ್ಲಿ ಸವೆದವನು
ನಾನು ಕೇಳಿದ್ದೇ ಇದಕ್ಕೆ. ಪಿಜಿ ಮೇಡಂ, ನೀವೇ ಹೇಳಿಬಿಡಿ.

ಪಿಜಿ ಹುಬ್ಬಳ್ಳಿ
ಅಕ್ಕ, ಎರಡೂ ಸ್ಟ್ರಿಪ್ ಮತ್ತು ಮಲ್ಟಿವಿಟಮಿನ್ ಡಬ್ಬಿಯನ್ನು ಹಾಗೇ ಕವರಿಗೆ ಹಾಕಿ ಸ್ಪೆಷಲಿಸ್ಟ್ ಹತ್ತಿರ ಒಯ್ಯಿರಿ. "ಸುಮ್ನೆ ವಿಟಮಿನ್ ಮಾತ್ರೆ" ಅಂತ ಬಾಯಲ್ಲಿ ಹೇಳಬೇಡಿ, ಡಬ್ಬಿಯನ್ನೇ ತೋರಿಸಿ.

ಯಾಕೆ ಅಂದರೆ: ಜಿಂಕ್ ದಿನಕ್ಕೆ ಗಂಡಸಿಗೆ ಬೇಕಾಗಿರೋದು 17 ಮಿಲಿಗ್ರಾಂ. ಮೇಲಿನ ಮಿತಿ 40. ಊಟದಲ್ಲಿ ಬರೋದು ಬೇರೆ ಇದೆ. ಕೆಲವು ದಿನಗಳಿಗೆ ಅಂತ ಬರೆದಿದ್ದನ್ನು ವರ್ಷಗಟ್ಟಲೆ ಎಳೆದರೆ ಜಿಂಕ್ ದೇಹದೊಳಗಿನ ತಾಮ್ರವನ್ನು ತಳ್ಳಿಹಾಕುತ್ತದೆ. ಕರುಳಿನ ಗೋಡೆಯ ಕೋಶಗಳಲ್ಲಿ ಮೆಟಲೋಥಯೋನಿನ್ ಅನ್ನುವ ಪ್ರೋಟೀನ್ ಇದೆ. ಜಿಂಕ್ ಹೆಚ್ಚಾದರೆ ಅದೂ ಹೆಚ್ಚಾಗುತ್ತದೆ. ಆದರೆ ಅದು ಜಿಂಕ್‌ಗಿಂತ ತಾಮ್ರವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಕರುಳಿನ ಕೋಶಗಳು ಕೆಲವು ದಿನಕ್ಕೆ ಉದುರಿಹೋಗುತ್ತವಲ್ಲ, ಹಿಡಿದ ತಾಮ್ರವೂ ಅದರ ಜೊತೆ ಮಲದಲ್ಲಿ ಹೊರಟುಹೋಗುತ್ತದೆ. ರಕ್ತಕ್ಕೆ ತಲುಪುವುದೇ ಇಲ್ಲ. ವಿಲ್ಸನ್ಸ್ ಕಾಯಿಲೆ ಅಂತ ಇದೆ, ಅದರಲ್ಲಿ ದೇಹದಲ್ಲಿ ತಾಮ್ರ ತುಂಬಿಕೊಳ್ಳುತ್ತದೆ. ಅವರಿಗೆ ಬೇಕಂತಲೇ ಜಿಂಕ್ ಕೊಡೋದು ಇದೇ ಕಾರಣಕ್ಕೆ. ಅಂದರೆ ನಿಮ್ಮ ಮಾವ ಇಲ್ಲದ ಕಾಯಿಲೆಗೆ ಔಷಧಿ ತಗೊಂಡ ಹಾಗಾಗಿರಬಹುದು.

ತಾಮ್ರ ಇಳಿದರೆ ಮೊದಲು ಕಾಣೋದು ರಕ್ತ ಕಡಿಮೆಯಾಗೋದು ಮತ್ತು ನ್ಯೂಟ್ರೋಫಿಲ್ ಬೀಳೋದು. ಪ್ಲೇಟ್‌ಲೆಟ್ ಸಾಮಾನ್ಯವಾಗಿ ಉಳಿದುಕೊಳ್ಳುತ್ತದೆ. ಇದೇ ಕಾರಣ ಅಂತ ನಾನು ಇಲ್ಲಿ ಕೂತು ಹೇಳಲಾರೆ. ಆದರೆ ಬಿ12, ಫೋಲೇಟ್ ಜೊತೆ ಸೀರಂ ಕಾಪರ್, ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್ ಆದ ಸೆರುಲೋಪ್ಲಾಸ್ಮಿನ್, ಜಿಂಕ್ ಮೂರನ್ನೂ ನೋಡಬಹುದಾ ಅಂತ ಕೇಳಿ. ಪಾದ ಜೋಮು ಹಿಡಿಯೋದು, ಕತ್ತಲಲ್ಲಿ ನಡೆಯುವಾಗ ತೂರಾಡೋದು ಇದೆಯಾ? ಅದನ್ನೂ ಹೇಳಿ.

ಲ್ಯಾಬಲ್ಲಿ ಸವೆದವನು
ಇದಕ್ಕೆ ಒಂದು ಸೇರಿಸ್ತೀನಿ. ತಾಮ್ರ ಕಮ್ಮಿಯಾದವರ ಮಜ್ಜೆಯ ಸ್ಲೈಡು ಮೈಕ್ರೋಸ್ಕೋಪಿನ ಕೆಳಗೆ ನೋಡಿದರೆ ಮಜ್ಜೆಯಲ್ಲಿ ರಕ್ತಕಣಗಳು ಸರಿಯಾಗಿ ಬೆಳೆಯದ ಎಂಡಿಎಸ್ ಅನ್ನುವ ಕೆಟ್ಟ ಕಾಯಿಲೆಯ ಹಾಗೇ ಕಾಣುತ್ತದೆ. ಕೆಂಪು ಕಣವಾಗಬೇಕಾದ ಕೋಶದ ಒಳಗೆ, ಅದರ ಕೇಂದ್ರದ ಸುತ್ತ ನೀಲಿ ಚುಕ್ಕೆಗಳು ಬಳೆಯ ಹಾಗೆ ಸುತ್ತಿಕೊಂಡಿರುತ್ತವೆ, ಕಬ್ಬಿಣಕ್ಕೆ ಬಣ್ಣ ಹಾಕಿದಾಗ ಕಾಣೋದು ಅದು. ಎಳೆಯ ಕೋಶಗಳಲ್ಲಿ ಗುಳ್ಳೆ ಗುಳ್ಳೆ. ಎಂಡಿಎಸ್ ಅಂತ ಬರೆಯಲು ಕೈ ಹೋಗುತ್ತದೆ. ಗುಳ್ಳೆ ಕಂಡರೆ ತಾಮ್ರ ನೋಡಿ ಅಂತ ನಮ್ಮ ಸರ್ ಹೇಳ್ತಿದ್ರು.

ಮತ್ತೆ ಅತ್ತೆಯವರಿಗೆ ಹೇಳಿ, ಮಜ್ಜೆ ಪರೀಕ್ಷೆ ಬೇಕು ಅಂದರೂ ಹೆದರಬೇಡಿ. ಬೆನ್ನುಹುರಿಗೆ ಸೂಜಿ ಹಾಕ್ತಾರೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅಲ್ಲ. ಸೊಂಟದ ಹಿಂಭಾಗದ ಮೂಳೆಗೆ. ಮಗ್ಗುಲಾಗಿ ಮಲಗಿಸಿ, ಜಾಗ ಮರಗಟ್ಟಿಸಿ ತೆಗೀತಾರೆ. ಒಳಗಿನದನ್ನು ಎಳೆಯುವಾಗ ಒಂದು ಕ್ಷಣ ಜಗ್ಗಿದ ಹಾಗೆ ನೋವು. ಅಷ್ಟೇ.

ಕಡಲತಡಿ
ಹಾಗಾದರೆ ವಿಟಮಿನ್ ಸಿ ಪೂರ್ತಿ ನಿರಪರಾಧಿ?

ಪಿಜಿ ಹುಬ್ಬಳ್ಳಿ
ಪೂರ್ತಿ ಅಂತ ಹೇಳಲ್ಲ. ದಿನಕ್ಕೆ 1,500 ಮಿಲಿಗ್ರಾಂ ತಗೊಂಡವರಲ್ಲಿ ಸೆರುಲೋಪ್ಲಾಸ್ಮಿನ್ ಸ್ವಲ್ಪ ಇಳಿದಿತ್ತು ಅಂತ 1983ರ ಒಂದು ಸಣ್ಣ ಅಧ್ಯಯನ ಇದೆ. ಆದರೆ ಅದರಿಂದ ಯಾರ ಮಜ್ಜೆಯೂ ಸೋತಿರಲಿಲ್ಲ. ಜಿಂಕ್ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಇಬ್ಬರ ತಾಯಿ, ಬಳ್ಳಾರಿ
ನನ್ನ ದೊಡ್ಡ ಮಗನಿಗೆ ಥಲಸ್ಸೀಮಿಯಾ. ತಿಂಗಳಿಗೊಮ್ಮೆ, ಕೆಲವು ಸಲ ಎರಡು ಸಲ ರಕ್ತ ಏರಿಸಬೇಕು. ಏರಿಸಿದ ರಕ್ತದಿಂದ ಕಬ್ಬಿಣ ಸೇರಿಕೊಳ್ಳುತ್ತದೆ, ಅದನ್ನು ಹೊರಗೆ ಹಾಕೋಕೆ ಔಷಧಿ. ನಮಗೆ ಮೊದಲ ದಿನವೇ ಹೇಳಿದ್ದು: ವಿಟಮಿನ್ ಸಿ ಮಾತ್ರೆಯನ್ನು ನಿಮ್ಮಷ್ಟಕ್ಕೆ ಕೊಡಲೇಬೇಡಿ ಅಂತ. ಅದು ಊಟದ ಕಬ್ಬಿಣವನ್ನು ಜಾಸ್ತಿ ಎಳೆಯುತ್ತದೆ, ಒಳಗೆ ಕೂತ ಕಬ್ಬಿಣವನ್ನೂ ಕದಡುತ್ತದೆ, ಹೃದಯಕ್ಕೆ ಏಟು ಬೀಳಬಹುದು. ಕಬ್ಬಿಣ ತೆಗೆಯುವ ಇಂಜೆಕ್ಷನ್ ಶುರುವಾಗಿ ಸ್ವಲ್ಪ ಕಾಲ ಆದ ಮೇಲೆ ಡಾಕ್ಟರೇ ಸಣ್ಣ ಡೋಸ್ ಕೊಡುವುದುಂಟು, ಆದರೆ ದೊಡ್ಡವರಿಗೂ 200 ಮಿಲಿಗ್ರಾಂ ದಾಟಿಸುವುದಿಲ್ಲ. ನೆಂಟರು ಮನೆಗೆ ಬಂದಾಗ ಪ್ರೀತಿಯಿಂದ ಚೀಪೋ ಮಾತ್ರೆ ಕೊಡ್ತಾರೆ, ಮಕ್ಕಳಿಗೆ ಅದು ಪೆಪ್ಪರ್‌ಮಿಂಟ್. ನಾನು ಕೈಯಿಂದ ಕಿತ್ತುಕೊಂಡಿದ್ದೂ ಇದೆ, ಕೆಲವರು ಬೇಜಾರು ಮಾಡಿಕೊಂಡಿದ್ದೂ ಇದೆ.

ಟೊರೊಂಟೊದಿಂದ
ನಮ್ಮ ತಂದೆ ಮೈಸೂರಿನಲ್ಲಿದ್ದಾರೆ. ಮಲ್ಟಿಪಲ್ ಮೈಲೋಮಾ, ಅಂದರೆ ಮಜ್ಜೆಯದೇ ಕ್ಯಾನ್ಸರ್. ವಾರಕ್ಕೊಮ್ಮೆ ಚರ್ಮದಡಿಗೆ ಬೋರ್ಟೆಜೊಮಿಬ್ ಇಂಜೆಕ್ಷನ್. ನಾನು ಇಲ್ಲಿಂದ ಶಕ್ತಿ ಬರಲಿ ಅಂತ 1,000ದ ವಿಟಮಿನ್ ಸಿ ಮತ್ತು ಗ್ರೀನ್ ಟೀ ಕಳಿಸಬೇಕು ಅಂತಿದ್ದೆ. ಕಳಿಸಬಹುದಾ?

ಪಿಜಿ ಹುಬ್ಬಳ್ಳಿ
ಕಳಿಸಬೇಡಿ, ಎರಡನ್ನೂ! ವಿಟಮಿನ್ ಸಿ ಆ ಔಷಧಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿದೆ. ಗ್ರೀನ್ ಟೀ ಸಾರವೂ ಹಾಗೇ. ಅದಕ್ಕೇ ಬೋರ್ಟೆಜೊಮಿಬ್ ನಡೆಯುವಾಗ ಈ ಮಾತ್ರೆಗಳು ಬೇಡ ಅಂತ ಹೇಳುತ್ತಾರೆ. ಸಾರಿಗೆ ಹಿಂಡುವ ನಿಂಬೆಹಣ್ಣಿಗೆ ಯಾರೂ ಬೇಡ ಅನ್ನಲ್ಲ, ಆದರೂ ತಂದೆಯವರ ಡಾಕ್ಟರನ್ನು ಒಂದು ಮಾತು ಕೇಳಿ.

ಟೊರೊಂಟೊದಿಂದ
ಥ್ಯಾಂಕ್ಸ್. ಪ್ಯಾಕ್ ಮಾಡಿ ಇಟ್ಟಿದ್ದೆ. ಬಿಚ್ಚಿದೆ.

ಮೆಡಿಕಲ್ ಶಾಪಿನವನು
ಕೌಂಟರಿನ ಈ ಕಡೆಯಿಂದ ಎರಡು ಮಾತು. ಇವು ಚೀಟಿ ಇಲ್ಲದೆ ಹೋಗುವ ಮಾಲು. "ಅಣ್ಣ, ಹೋದ ಸಲ ಕೊಟ್ಟಿದ್ದೇ ಕೊಡು" ಅಂತಾರೆ, ಕೊಡ್ತೀವಿ. ವಿಟಮಿನ್ ಸಿ ಕೇಳಿದವರು ಅರ್ಧಕ್ಕರ್ಧ ಜಿಂಕ್ ಕೂಡ ಒಯ್ಯೋ ಅಭ್ಯಾಸ 2020ರಿಂದ ಬಂದಿದ್ದು. ಇನ್ನೊಂದು ಏನಂದ್ರೆ, ತುಂಬ ಜಾಸ್ತಿ ಡೋಸಿನಲ್ಲಿ, ಅದರಲ್ಲೂ ಡ್ರಿಪ್ಪಿನಲ್ಲಿ ವಿಟಮಿನ್ ಸಿ ಹಾಕಿಸಿಕೊಂಡವರ ಶುಗರ್ ಮೆಷಿನ್ ತಪ್ಪು ತೋರಿಸಬಹುದು, ಇರೋದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಫಜೀತಿ.

ಬಾದಾಮಿ ಹಾಲು
ಡ್ರಿಪ್ ಅಂದಾಗ ನೆನಪಾಯ್ತು. ಬ್ಯೂಟಿ ಕ್ಲಿನಿಕ್‌ಗಳಲ್ಲಿ ಗ್ಲುಟಾಥಯೋನ್ ಜೊತೆ ವಿಟಮಿನ್ ಸಿ ಡ್ರಿಪ್ ಹಾಕ್ತಾರಲ್ಲ, ಮದುವೆಗೆ ಮುಂಚೆ. ಅದು?

ಪಿಜಿ ಹುಬ್ಬಳ್ಳಿ
ನನಗೆ ಅದು ಇಷ್ಟವಿಲ್ಲ. ಕೆಂಪು ಕಣಗಳನ್ನು ಕಾಯುವ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಇರುವವರಿಗೆ ದೊಡ್ಡ ಡೋಸ್ ನರಕ್ಕೆ ಹೋದರೆ ಕೆಂಪು ಕಣಗಳು ಒಡೆದುಹೋಗುತ್ತವೆ, ಮೂತ್ರ ಕೋಲಾ ಬಣ್ಣಕ್ಕೆ ತಿರುಗುತ್ತದೆ. ಅಲ್ಲೂ ಮಜ್ಜೆ ಹಾಳಾಗಿರೋದಿಲ್ಲ. ಒಡೆದಿದ್ದನ್ನು ತುಂಬಿಸಲು ಅದು ಹಗಲು ರಾತ್ರಿ ದುಡಿಯುತ್ತಿರುತ್ತದೆ, ಎಳೆಯ ಕೆಂಪು ಕಣಗಳ ಎಣಿಕೆ ಏರಿರುತ್ತದೆ. ಕೊರತೆ ಇದೆ ಅಂತ ಹೆಚ್ಚಿನವರಿಗೆ ಮೊದಲು ಗೊತ್ತೇ ಇರಲ್ಲ. ಪರೀಕ್ಷೆ ಮಾಡದೆ ಗ್ರಾಂಗಟ್ಟಲೆ ಏರಿಸುವ ಜಾಗಕ್ಕೆ ಹೋಗಬೇಡಿ.

ಹಾಸನದ ಸೊಸೆ
ರಿಪೋರ್ಟ್ ಬಂತು. ಬಿ12 ಸರಿ ಇದೆ. ಕಾಪರ್ 22, ಇರಬೇಕಾಗಿದ್ದು 70ರ ಮೇಲೆ. ಜಿಂಕ್ ಜಾಸ್ತಿ. ಸ್ಪೆಷಲಿಸ್ಟ್ ಡಬ್ಬಿ ನೋಡಿದ ಕೂಡಲೇ ನಕ್ಕು, "ಇದನ್ನು ಇಲ್ಲೇ ಬಿಟ್ಟು ಹೋಗಿ" ಅಂದರು. ಜಿಂಕ್ ಪೂರ್ತಿ ಬಂದ್, ಮಲ್ಟಿವಿಟಮಿನ್ನೂ ಬಂದ್. ತಾಮ್ರ ಕೊಡಲು ಶುರು ಮಾಡಿದ್ದಾರೆ. ಮಜ್ಜೆ ಪರೀಕ್ಷೆ ಸದ್ಯಕ್ಕೆ ಬೇಡ, ರಕ್ತಕಣಗಳ ಎಣಿಕೆ ಏರದಿದ್ದರೆ ನೋಡೋಣ ಅಂದಿದ್ದಾರೆ. ಪಾದ ಜೋಮು ಹಿಡಿಯೋದು ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಮಾವನಿಗೆ ಈಗ ವಿಟಮಿನ್ ಸಿ ಆದ್ರೂ ಬಿಡಬಾರದು ಅಂತ ಹಟ.

ಪಿಜಿ ಹುಬ್ಬಳ್ಳಿ
ಒಳ್ಳೇದಾಯ್ತು. ರಕ್ತದ ಎಣಿಕೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ಏರುತ್ತದೆ. ಜೋಮು ಮಾತ್ರ ಹಾಗಲ್ಲ, ನಿಧಾನ. ಕೆಲವರಿಗೆ ಪೂರ್ತಿ ಹೋಗುವುದೂ ಇಲ್ಲ. ಹೆಚ್ಚಾಗದಂತೆ ತಡೆದರೆ ಅದೇ ದೊಡ್ಡದು, ಅದಕ್ಕೇ ಕಾಲಿನ ವಿಷಯ ಪ್ರತಿ ಸಲ ಡಾಕ್ಟರಿಗೆ ಹೇಳ್ತಿರಿ.

ನೆಗಡಿಗೆ ವಿಟಮಿನ್ ಸಿ ಅನ್ನೋದು ಲೈನಸ್ ಪೌಲಿಂಗ್ ಎಬ್ಬಿಸಿದ ಗಾಳಿ. ಎರಡು ನೊಬೆಲ್ ಪಡೆದ ಮನುಷ್ಯ, ಹಾಗಾಗಿ ಜನ ನಂಬಿದರು. ಆಮೇಲೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರೆ, ದಿನಾ ತಗೊಂಡರೂ ಸಾಮಾನ್ಯ ಜನಕ್ಕೆ ನೆಗಡಿ ಬರೋದು ಕಮ್ಮಿಯಾಗಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಸುಮಾರು 8% ಬೇಗ ಹೋಗುತ್ತದೆ. ಅಂದರೆ ಏಳು ದಿನದ ನೆಗಡಿಯಲ್ಲಿ ಅರ್ಧ ದಿನ. ಕೊರೊನಾಗೂ ಅಷ್ಟೇ: 2021ರಲ್ಲಿ ಅಮೆರಿಕದಲ್ಲಿ ಬಂದ ಒಂದು ಪ್ರಯೋಗದಲ್ಲಿ ಮನೆಯಲ್ಲೇ ಇದ್ದ 214 ರೋಗಿಗಳಲ್ಲಿ ಕೆಲವರಿಗೆ 8 ಗ್ರಾಂ ವಿಟಮಿನ್ ಸಿ, ಕೆಲವರಿಗೆ 50 ಮಿಲಿಗ್ರಾಂ ಜಿಂಕ್, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಹತ್ತು ದಿನ ಕೊಟ್ಟು ನೋಡಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಾವನವರಿಗೆ ಇದನ್ನು ಓದಿ ಹೇಳಿ, ಜೊತೆಗೆ ಒಂದು ಸೀಬೆಹಣ್ಣು ಕೊಡಿ.

ನೆಲ್ಲಿಕಾಯಿ ಪ್ರಿಯ
ತಾಮ್ರ ಕಮ್ಮಿ ಅಂದ್ರೆ ತಾಮ್ರದ ಚೊಂಬಿನಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿದ್ರೆ ಆಗಲ್ವಾ? ನಮ್ಮಜ್ಜಿ ಮಾಡ್ತಿದ್ರು.

ಲ್ಯಾಬಲ್ಲಿ ಸವೆದವನು
ಚೊಂಬಿನ ನೀರಿಗೆ ಇಳಿಯೋ ತಾಮ್ರ ತೀರಾ ಸ್ವಲ್ಪ. ಈ ಮಟ್ಟಕ್ಕೆ ಬಿದ್ದವರಿಗೆ ಅದು ಸಾಲದು, ಜಿಂಕ್ ನಡೀತಿದ್ದರಂತೂ ಅದೂ ಕರುಳಲ್ಲೇ ಸಿಕ್ಕಿಬೀಳುತ್ತದೆ. ಆರೋಗ್ಯವಾಗಿ ಇರುವವರಿಗೆ ಎಳ್ಳು, ಗೋಡಂಬಿ, ಕಾಳುಗಳಲ್ಲೇ ಬೇಕಾದಷ್ಟು ಬರುತ್ತದೆ, ದಿನಕ್ಕೆ ಎರಡು ಮಿಲಿಗ್ರಾಂ ಸಾಕಲ್ಲ. ಚೊಂಬಿನಲ್ಲಿ ನೀರಿಡಿ, ಬೇಡ ಅನ್ನಲ್ಲ. ನಿಂಬೆಹಣ್ಣಿನ ಪಾನಕ, ಮಜ್ಜಿಗೆ ಮಾತ್ರ ಇಡಬೇಡಿ, ಹುಳಿಗೆ ತಾಮ್ರ ವಿಪರೀತ ಬಿಟ್ಟು ವಾಂತಿ ಬರುತ್ತದೆ.

ಇಬ್ಬರ ತಾಯಿ, ಬಳ್ಳಾರಿ
ಒಂದು ಅನುಮಾನ. ಚಿಕ್ಕವನಿಗೆ ಭೇದಿ ಆಗ್ತಿದೆ, ಅಂಗನವಾಡಿಯಲ್ಲಿ ಓಆರ್‌ಎಸ್ ಜೊತೆ ಜಿಂಕ್ ಮಾತ್ರೆ ಕೊಟ್ಟಿದ್ದಾರೆ. ಇದೆಲ್ಲ ಓದಿ ಕೊಡೋಕೆ ಕೈ ಬರ್ತಿಲ್ಲ.

ಪಿಜಿ ಹುಬ್ಬಳ್ಳಿ
ಧಾರಾಳವಾಗಿ ಕೊಡಿ, ಅಕ್ಕ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಚಿಕ್ಕದಕ್ಕೆ 10. ಭೇದಿ ನಿಂತರೂ ಕೊಟ್ಟಷ್ಟು ದಿನದ್ದನ್ನು ಮುಗಿಸಿ, ಹತ್ತರಿಂದ ಹದಿನಾಲ್ಕು ದಿನ. ಅಷ್ಟು ದಿನಕ್ಕೆ ತಾಮ್ರಕ್ಕೆ ಏನೂ ಆಗಲ್ಲ. ಹದಿನಾಲ್ಕು ದಿನ ಆದ ಮೇಲೆ ಉಳಿದ ಸ್ಟ್ರಿಪ್ಪನ್ನು ಮನೆಯಲ್ಲಿ ಇಟ್ಟುಕೊಂಡು ಮುಂದುವರಿಸಬೇಡಿ. ಮಾತ್ರೆಯನ್ನು ಒಂದು ಚಮಚ ಕಾಯಿಸಿ ಆರಿಸಿದ ನೀರಿನಲ್ಲಿ ಕರಗಿಸಿ ಕೊಡಿ, ಬಾಯಲ್ಲಿ ಲೋಹದ ರುಚಿ ಅಂತ ಉಗುಳಿದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೊಡಿ.